ನೆಲ ನೋಡಿ ಗೋಡೆಗೆ ಬೂದು

ಮೈಸೂರು ಅರಮನೆಯ ಬಣ್ಣ ಯಾವುದು ಎಂದು ಊರಿನವರನ್ನೇ ಕೇಳಿ ನೋಡಿ. ಬಹಳ ಮಂದಿ ತಡಮಾಡದೆ ‘ಬಂಗಾರದ ಬಣ್ಣ’ ಎನ್ನುತ್ತಾರೆ. ಭಾನುವಾರ ಸಂಜೆಯೂ ದಸರೆಯ ರಾತ್ರಿಗಳಲ್ಲೂ ಹೊತ್ತಿಕೊಳ್ಳುವ ಲಕ್ಷದ ಹತ್ತಿರದ ಬಲ್ಬುಗಳು ಕಣ್ಣಿಗೆ ಹಾಗೆ ಕಟ್ಟಿಕೊಂಡಿವೆ. ಹಗಲಲ್ಲಿ ಹೋಗಿ ಗೋಡೆಯ ಹತ್ತಿರ ನಿಂತರೆ ಕಥೆ ಬೇರೆ. 1897ರಲ್ಲಿ ಮರದ ಹಳೆಯ ಅರಮನೆ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ನಕ್ಷೆ ಹಾಕಿ, 1912ರಲ್ಲಿ ಕೆಲಸ ಮುಗಿದ ಈ ಅರಮನೆಯ ಮೈ ಬೂದು ಗ್ರಾನೈಟಿನದು. ಅದರ ಮೇಲೆ ಕೂತಿರುವ ಗುಮ್ಮಟಗಳದು ಗಾಢ ಕೆಂಗುಲಾಬಿ. ಬೂದು ತಾನು ಹಿಂದೆ ಸರಿದು ಕೆಂಪನ್ನು ಮುಂದೆ ಬಿಟ್ಟಿದೆ. ನೂರು ವರ್ಷ ದಾಟಿದರೂ ಅದನ್ನು ‘ಕಳೆಗುಂದಿದ ಬಣ್ಣ’ ಎಂದವರಿಲ್ಲ.

ಅದೇ ಊರಿನಲ್ಲಿ ಮನೆಯ ಹಾಲಿಗೆ ತಿಳಿ ಬೂದು ಬಳಿಸುತ್ತೇವೆ ಎಂದರೆ ಮಾತ್ರ ಹಿರಿಯರ ಮುಖ ಸಪ್ಪಗಾಗುತ್ತದೆ. ‘ಸಿಮೆಂಟ್ ಬಣ್ಣ ಯಾಕಪ್ಪಾ? ನೋಡಿದವರು ಇನ್ನೂ ಪೇಂಟ್ ಮಾಡ್ಸಿಲ್ವಾ ಅಂತಾರೆ’ ಎನ್ನುವ ಮಾತು ಬಂದೇ ಬರುತ್ತದೆ. ಆ ಮಾತನ್ನು ಹಳೇ ಕಾಲದವರ ಗೊಣಗಾಟ ಎಂದು ತಳ್ಳಿಹಾಕುವಂತಿಲ್ಲ. ಪ್ಲಾಸ್ಟರಿಂಗ್ ಮುಗಿಯುವ ಹೊತ್ತಿಗೆ ಕೈಯಲ್ಲಿದ್ದ ದುಡ್ಡೂ ಮುಗಿದು, ಬಣ್ಣ ಕಾಣದೆ ವರ್ಷಗಟ್ಟಲೆ ನಿಂತ ಮನೆಗಳನ್ನು ಪ್ರತಿ ಬಡಾವಣೆಯೂ ಕಂಡಿದೆ. ನಮ್ಮ ಕಣ್ಣಿಗೆ ಬೂದು ಎಂದರೆ ಅರ್ಧಕ್ಕೆ ನಿಂತ ಕೆಲಸ. ತಪ್ಪು ಬೂದು ಗೋಡೆಗೇರಿದರೆ ನಿಜಕ್ಕೂ ಹಾಗೆಯೇ ಕಾಣುತ್ತದೆ. ಸರಿಯಾದದ್ದು ಏರಿದರೆ ಮನೆಯೊಳಗಿನ ಮರ, ಹಿತ್ತಾಳೆ, ಬಟ್ಟೆ ಎಲ್ಲಕ್ಕೂ ಕಳೆ ಬರುತ್ತದೆ. ಸರಿಯಾದದ್ದು ಯಾವುದು ಎಂಬುದನ್ನು ಶೇಡ್ ಕಾರ್ಡ್ ಹೇಳುವುದಿಲ್ಲ, ನಿಮ್ಮ ಮನೆಯ ನೆಲ ಹೇಳುತ್ತದೆ.

ಮೊದಲು ಬೂದಿನ ಸ್ವಭಾವ ನೋಡೋಣ. ಅಂಗಡಿಯಲ್ಲಿ ‘ಲೈಟ್ ಗ್ರೇ’ ಎಂದು ಕೇಳಿದರೆ ಮುಂದೆ ಹರಡುವ ಇಪ್ಪತ್ತು ಮೂವತ್ತು ಚೌಕಗಳಲ್ಲಿ ಶುದ್ಧ ಬೂದು ಎಂಬುದು ಇಲ್ಲವೆಂದರೂ ಸರಿ. ಪ್ರತಿಯೊಂದರ ಒಳಗೂ ಇನ್ನೊಂದು ಬಣ್ಣ ಅಡಗಿರುತ್ತದೆ. ಕೆಲವು ನೀಲಿಯ ಕಡೆ ವಾಲಿದರೆ ಕೆಲವು ಹಸಿರಿನ ಕಡೆ, ಇನ್ನು ಕೆಲವು ನೇರಳೆಯ ಕಡೆ ವಾಲುತ್ತವೆ. ಮತ್ತೊಂದಿಷ್ಟು ಹಳದಿ ಕಂದಿನ ಕಡೆಗಿರುತ್ತವೆ. ಬಿಳಿ ಬೇಸ್‌ಗೆ ಯಂತ್ರ ಹನಿ ಹನಿಯಾಗಿ ಬಿಡುವ ಬಣ್ಣಗಳಲ್ಲಿ ಕಪ್ಪಿನ ಜೊತೆ ಹಳದಿ, ಕೆಂಪು, ನೀಲಿ ಇವೂ ಇರುವುದರಿಂದ ಹೀಗಾಗುತ್ತದೆ. ‘ಯಂತ್ರದ ಗೊಡವೆ ಬೇಡ ಸಾರ್, ಬಿಳಿ ಎಮಲ್ಷನ್‌ಗೆ ಕರಿ ಸ್ಟೇನರ್ ಬೆರೆಸಿಬಿಡೋಣ’ ಎಂದು ಪೇಂಟರ್ ಹೇಳಿದರೆ ಒಪ್ಪಬೇಡಿ. ಬಿಳಿಗೆ ಬರೀ ಕಪ್ಪು ಬೆರೆತರೆ ಸಾಮಾನ್ಯವಾಗಿ ಬರುವುದು ನೀಲಿಗಟ್ಟಿದ ಬೂದು. ಸಿಮೆಂಟ್ ಗೋಡೆಯ ನೆನಪು ತರುವುದರಲ್ಲಿ ಅದೇ ಮುಂದು.

ಒಳಛಾಯೆಯ ಈ ಲೆಕ್ಕ ನಮಗೆ ಹೊಸದೂ ಅಲ್ಲ. ಸುಣ್ಣ ಬಳಿಯುತ್ತಿದ್ದ ದಿನಗಳಲ್ಲಿ ಬಕೆಟ್ಟಿಗೆ ಒಂದು ಚಿಟಿಕೆ ನೀಲಿ ಹಾಕುವುದು ಮನೆಮನೆಯ ವಾಡಿಕೆ. ಸುಣ್ಣದ ಹಳದಿ ಎಳೆಯನ್ನು ನೀಲಿ ಕೊಂದು, ಗೋಡೆ ಇನ್ನಷ್ಟು ಬೆಳ್ಳಗೆ ಕಾಣುತ್ತಿತ್ತು. ಚಿಟಿಕೆ ಹೆಚ್ಚಾದರೆ ಗೋಡೆಯೇ ನೀಲಿ. ತಿಳಿ ಬೂದಿನಲ್ಲೂ ಅಷ್ಟೇ, ಕಾಣುವ ಬಣ್ಣವನ್ನು ಆಳುವುದು ಆ ಚಿಟಿಕೆ.

ಚಿಟಿಕೆ ಯಾವುದು ಎಂದು ಪತ್ತೆ ಮಾಡಲು ಪರಿಣತಿ ಬೇಡ. ಶೇಡ್ ಕಾರ್ಡಿನ ಚೌಕದ ಪಕ್ಕದಲ್ಲಿ ಒಂದು ಬಿಳಿ ಎ4 ಹಾಳೆ ಇಡಿ. ಒಂಟಿಯಾಗಿದ್ದಾಗ ‘ಬೂದು’ ಅನ್ನಿಸಿದ್ದು ಬಿಳಿಯ ಪಕ್ಕದಲ್ಲಿ ನೀಲಿಯೋ ಹಸಿರೋ ಎಂದು ಬಾಯಿಬಿಡುತ್ತದೆ. ಆಮೇಲೆ ನಾಲ್ಕಾರು ಬೂದುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. ಅದೇ ಕಾರ್ಡಿನ ಸಾಲಿನಲ್ಲಿ ಕೆಳಗಿರುವ ಗಾಢ ಛಾಯೆಯನ್ನೂ ನೋಡಿ. ತಿಳಿಯಾಗಿದ್ದಾಗ ಮುಚ್ಚಿಟ್ಟುಕೊಂಡಿದ್ದ ಗುಟ್ಟು ಗಾಢದಲ್ಲಿ ಬಯಲಾಗುತ್ತದೆ.

ಇನ್ನು ನೆಲಕ್ಕೆ ಬರೋಣ. ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗಕ್ಕೆ ಮಿಶೆಲ್ ಯುಜೀನ್ ಶೆವ್ರೂಲ್ ಎಂಬ ರಸಾಯನಶಾಸ್ತ್ರಜ್ಞ ಮುಖ್ಯಸ್ಥನಾಗಿದ್ದ. ಕಪ್ಪು ದಾರದಲ್ಲಿ ಕಸುವಿಲ್ಲ, ಬಣ್ಣ ಸರಿಯಾಗಿ ಹಿಡಿದಿಲ್ಲ ಎಂಬ ದೂರು ಅವನ ಮುಂದೆ ಬಂತು. ಪರೀಕ್ಷಿಸಿದರೆ ದಾರದಲ್ಲಿ ಯಾವ ಊನವೂ ಇರಲಿಲ್ಲ. ಪಕ್ಕದಲ್ಲಿ ನೇಯ್ದ ನೀಲಿ, ನೇರಳೆಗಳು ಆ ಕಪ್ಪನ್ನು ಮಂಕಾಗಿಸುತ್ತಿದ್ದವು. ಒಂದು ಬಣ್ಣ ತನ್ನ ಪಕ್ಕದ್ದನ್ನು ತನ್ನ ವಿರುದ್ಧ ದಿಕ್ಕಿಗೆ ತಳ್ಳಿದಂತೆ ಕಣ್ಣಿಗೆ ಕಾಣುತ್ತದೆ ಎಂದು ವಿವರಿಸಿ ಅವನು 1839ರಲ್ಲಿ ದೊಡ್ಡ ಪುಸ್ತಕವನ್ನೇ ಪ್ರಕಟಿಸಿದ. ಈ ತಳ್ಳಾಟಕ್ಕೆ ಎಲ್ಲಕ್ಕಿಂತ ಸುಲಭವಾಗಿ ಸಿಗುವ ಬಣ್ಣ ಬೂದು. ತನ್ನದೇ ಗಟ್ಟಿ ಬಣ್ಣವಿಲ್ಲದ್ದರಿಂದ ಅದು ಪಕ್ಕದವರು ತಳ್ಳಿದತ್ತ ಸರಿಯುತ್ತದೆ.

ಈಗ ಚಾಮರಾಜಪುರಂ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ, ಒಂಟಿಕೊಪ್ಪಲು ಕಡೆಯ ಹಳೆಯ ಮನೆಯೊಂದರ ಒಳಗೆ ಕಾಲಿಡಿ. ಕಾಲಡಿಯಲ್ಲಿ ರೆಡ್ ಆಕ್ಸೈಡ್ ನೆಲ. ತಲೆಮಾರುಗಳ ಕಾಲು ತಿಕ್ಕಿ, ಕೊಬ್ಬರಿ ಎಣ್ಣೆ ಕುಡಿದು ಕನ್ನಡಿಯಾದ ಕಾವಿ ಕೆಂಪು. ಈ ನೆಲದ ಮೇಲೆ ನೀಲಿಗಟ್ಟಿದ ಬೂದಿನ ಗೋಡೆ ಎದ್ದರೆ ಎರಡು ಸಂಗತಿ ಒಟ್ಟಿಗೆ ನಡೆಯುತ್ತವೆ. ಕೆಂಪಿನ ಜೊತೆ ಕಣ್ಣಿಗೆ ಬೀಳುವ ಬೂದು, ಶೆವ್ರೂಲ್ ಹೇಳಿದಂತೆ, ಹಸಿರು-ನೀಲಿಯ ಕಡೆಗೆ ಇನ್ನಷ್ಟು ಜಾರಿ ತಣ್ಣಗೆ, ಹಸಿಹಸಿಯಾಗಿ ಕಾಣುತ್ತದೆ. ಇನ್ನೊಂದು ಕಡೆ ಕಿಟಕಿಯ ಬಿಸಿಲು ನೆಲಕ್ಕೆ ಬಿದ್ದು, ಕೆಂಪನ್ನು ಹೊತ್ತು ಪುಟಿದು ಗೋಡೆಯ ಬುಡಕ್ಕೆ ಬಡಿಯುತ್ತದೆ. ಬೆಳಗಿನ ಒಂಬತ್ತರ ಹೊತ್ತಿಗೆ ಸ್ಕರ್ಟಿಂಗ್‌ನಿಂದ ಮೊಣಕಾಲೆತ್ತರದವರೆಗೆ ಗೋಡೆ ನಸುಗೆಂಪು, ಅದರ ಮೇಲೆ ಬೂದು, ಇನ್ನೂ ಮೇಲೆ ಸೂರಿನ ಹತ್ತಿರ ಹಸಿರು ಮಿಶ್ರಿತ ಮಂಕು. ಒಂದೇ ಡಬ್ಬದ ಬಣ್ಣ ಬಳಿದಿದ್ದರೂ ಗೋಡೆಯಲ್ಲಿ ಮೂರು ಪಟ್ಟೆ. ಪೇಂಟರ್ ಎರಡನೇ ಕೋಟ್ ಸರಿಯಾಗಿ ಹೊಡೆದಿಲ್ಲ ಎಂದು ಮನೆಯವರು ಅವನ ಮೇಲೆ ಹರಿಹಾಯುವುದು ಇಲ್ಲೇ.

ಕೆಂಪು ನೆಲಕ್ಕೆ ಒಪ್ಪುವುದು ಹಳದಿ-ಕಂದಿನ ಎಳೆಯಿರುವ ಬೆಚ್ಚನೆ ಬೂದು. ಕೆಂಪು ಅದನ್ನು ತಣ್ಣನೆಯ ಕಡೆಗೆ ತಳ್ಳಿದರೂ ಅದು ಬಂದು ನಿಲ್ಲುವುದು ನಡುವಿನಲ್ಲೇ. ನೇರಳೆ ಅಥವಾ ಗುಲಾಬಿ ಎಳೆಯ ಬೂದು ಮಾತ್ರ ಬೇಡ. ನೆಲದಿಂದ ಪುಟಿದ ಕೆಂಪು ಅದಕ್ಕೆ ಸೇರಿದರೆ ಗೋಡೆ ಒಣಗಿದ ಬೀಟ್‌ರೂಟಿನ ಕಡೆ ಹೊರಡುತ್ತದೆ.

ಅರವತ್ತು, ಎಪ್ಪತ್ತರ ದಶಕದ ಮನೆಗಳಲ್ಲಿ ಮೊಸಾಯಿಕ್ ನೆಲ ಹೆಚ್ಚು. ಆ ಮನೆಗಳವರ ಕೆಲಸ ಎಲ್ಲರಿಗಿಂತ ಹಗುರ. ಮಂಡಿಯೂರಿ ಕೂತು ಮೊಸಾಯಿಕ್‌ನ ಚೂರುಗಳನ್ನು ನೋಡಿ. ಬಿಳಿ, ಕಪ್ಪು, ಕಂದು, ಹಸಿರು ಚೂರುಗಳ ನಡುವೆ ಒಂದಲ್ಲ ಒಂದು ಬೂದು ಚೂರು ಸಿಗುತ್ತದೆ. ಅದಕ್ಕೆ ಶೇಡ್ ಕಾರ್ಡ್ ಹಿಡಿದು, ಅದರಿಂದ ಎರಡು ಹಂತ ತಿಳಿಯಾದದ್ದನ್ನು ಗೋಡೆಗೆ ಆರಿಸಿದರೆ ನೆಲವೂ ಗೋಡೆಯೂ ಒಂದೇ ಮನೆಯವಾಗುತ್ತವೆ. ಬೋಗಾದಿ, ದಟ್ಟಗಳ್ಳಿ, ಜೆ.ಪಿ. ನಗರದ ಕಡೆಯ ಹೊಸ ಮನೆಗಳಲ್ಲಿ ಐವರಿ ಬಣ್ಣದ ವಿಟ್ರಿಫೈಡ್ ಟೈಲ್ಸ್ ಸಾಮಾನ್ಯ. ಐವರಿ ಎಂದರೆ ಒಳಗೆ ಹಳದಿ. ತಣ್ಣನೆ ಬೂದು ಗೋಡೆಯ ಕೆಳಗೆ ಆ ಹಳದಿ ಎದ್ದು ಕಂಡು, ಹೊಸ ಟೈಲ್ಸ್ ಕೂಡ ತೊಳೆಯದೆ ಬಿಟ್ಟಂತೆ ಕಾಣುತ್ತದೆ. ಇಲ್ಲೂ ಬೆಚ್ಚನೆ ಬೂದೇ ಬೇಕು. ನೀಲಿಗಟ್ಟಿದ ಬೂದು ಬೇಕೇ ಬೇಕು ಎನ್ನುವವರಿಗೆ ಬಿಳಿ ಟೈಲ್ಸ್, ಸಾದರಹಳ್ಳಿ ಕಲ್ಲು, ಕಡಪ ಅಥವಾ ಬೂದು ಗ್ರಾನೈಟಿನ ನೆಲವಿದ್ದರೆ ಅಡ್ಡಿಯಿಲ್ಲ.

ಎರಡನೇ ಯಜಮಾನ ಬೆಳಕು. ‘ಉತ್ತರದ ಕೋಣೆಗೆ ತಣ್ಣನೆ ಬೂದು ಬಳಿಯಬೇಡಿ’ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಅದು ಲಂಡನ್ನಿನಂಥ ಊರುಗಳ ಲೆಕ್ಕ. ಅಲ್ಲಿ ನಡುಹಗಲಿನ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ. ಮೈಸೂರು ಇರುವುದು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ನಮ್ಮ ನಡುಹಗಲಿನ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೇ ನಿಲ್ಲುತ್ತಾನೆ. ಅಷ್ಟು ಎತ್ತರದಿಂದ ಬೀಳುವ ಬಿಸಿಲನ್ನು ಸಜ್ಜಾ ತಡೆದರೂ ಅಂಗಳಕ್ಕೆ ಬಿದ್ದದ್ದು ಪುಟಿದು ಒಳಗೆ ಬರುತ್ತದೆ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ಇಳಿದಾಗ ಅದೇ ಉತ್ತರದ ಕೋಣೆಗೆ ಸಿಗುವುದು ಬರೀ ಆಕಾಶದ ನೀಲಿ ಬೆಳಕು. ನಮ್ಮಲ್ಲಿ ಹೆಚ್ಚು ಕಾಟ ಕೊಡುವುದು ಪಶ್ಚಿಮದ ಕೋಣೆ. ಮಧ್ಯಾಹ್ನದವರೆಗೆ ಮಂಕಾಗಿದ್ದು, ನಾಲ್ಕು ಗಂಟೆಯಾಯಿತೆಂದರೆ ಕಿತ್ತಳೆ ಬಿಸಿಲು ನುಗ್ಗುತ್ತದೆ. ಆ ಕೋಣೆಗೆ ಮಾತ್ರ ತಣ್ಣನೆ ಎಳೆಯ ಬೂದು ನಿಜಕ್ಕೂ ಹಿತ.

ದಿಕ್ಕಿನ ಲೆಕ್ಕವನ್ನೂ ತಲೆಕೆಳಗು ಮಾಡುವ ಇನ್ನೊಂದಿದೆ, ಪಕ್ಕದ ಮನೆಯವರ ಗೋಡೆ. ಮೂವತ್ತು ನಲವತ್ತರ ಸೈಟಿನಲ್ಲಿ ಪಕ್ಕದ ಕಿಟಕಿ ತೆರೆದರೆ ಕೈಗೆಟಕುವ ದೂರದಲ್ಲಿ ಅವರ ಗೋಡೆ. ಅವರು ಗಿಳಿಹಸಿರೋ ಕಿತ್ತಳೆಯೋ ಬಳಿಸಿದ್ದರೆ ನಿಮ್ಮ ಕೋಣೆಗೆ ಬರುವ ಬೆಳಕೆಲ್ಲ ಆ ಬಣ್ಣವನ್ನು ಹೊತ್ತೇ ಬರುತ್ತದೆ. ಬಿಳಿ ಗೋಡೆಯಾದರೂ ಸ್ವಲ್ಪ ತಡೆದುಕೊಳ್ಳುತ್ತದೆ, ಬೂದು ಪೂರ್ತಿ ಶರಣಾಗುತ್ತದೆ. ಹೋಗಿ ಅವರ ಗೋಡೆ ಬದಲಿಸಿ ಎನ್ನಲಾಗುವುದಿಲ್ಲ. ಅಂಥ ಕೋಣೆಗೆ ಬಿಳಿಗೆ ಹತ್ತಿರದ ಬೂದು ಹಾಕಿ, ಕಿಟಕಿಗೆ ತೆಳು ಬಿಳಿ ಪರದೆ ಬಿಡುವುದು ಜಾಣತನ.

ರಾತ್ರಿಯ ಬೆಳಕು ನಮ್ಮ ಕೈಯಲ್ಲೇ ಇದೆ. ಎಲ್‌ಇಡಿ ಬಲ್ಬಿನ ಪೆಟ್ಟಿಗೆಯ ಮೇಲೆ 3000ಕೆ, 4000ಕೆ, 6500ಕೆ ಎಂದು ಬರೆದಿರುತ್ತದೆ. ಅಂಕಿ ಏರಿದಂತೆ ಬೆಳಕು ನೀಲಿಗೆ ಸರಿಯುತ್ತದೆ. ನಮ್ಮ ಮನೆಗಳ ಟ್ಯೂಬ್‌ಲೈಟ್‌ಗಳು ಬಹುಪಾಲು 6500ಕೆ. ಹಗಲೆಲ್ಲ ಮೃದುವಾಗಿದ್ದ ಬೂದು ಹಾಲು ಸಂಜೆ ಏಳಕ್ಕೆ ಸ್ವಿಚ್ ಒತ್ತಿದ ಕೂಡಲೇ ಆಸ್ಪತ್ರೆಯ ಕಾರಿಡಾರ್ ಆಗಿಬಿಡುವುದು ಈ ಕಾರಣಕ್ಕೆ. ಬಣ್ಣ ಬದಲಿಸುವ ಮುಂಚೆ ಒಂದು ಬಲ್ಬನ್ನು 3000 ಅಥವಾ 4000ಕ್ಕೆ ಬದಲಿಸಿ ನೋಡಿ. ಸಾವಿರಾರು ರೂಪಾಯಿ ಉಳಿದರೂ ಉಳಿಯಬಹುದು.

ಎಷ್ಟು ತಿಳಿಯಾಗಿರಬೇಕು ಎಂಬುದಕ್ಕೆ ಒಂದು ಅಳತೆ ಇದೆ. ಬಣ್ಣ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಷ್ಟು ಪಾಲು ಹಿಂದಕ್ಕೆ ಕೊಡುತ್ತದೆ ಎಂಬ ಅಂಕಿಯನ್ನು ಎಲ್‌ಆರ್‌ವಿ ಎನ್ನುತ್ತಾರೆ. ಕೆಲವು ಕಂಪನಿಗಳು ಅದನ್ನು ಶೇಡ್ ಸಂಖ್ಯೆಯ ಜೊತೆಗೇ ಕೊಡುತ್ತವೆ. ಒಳ್ಳೆಯ ಬಿಳಿಯದು 80ರ ಮೇಲೆ, ತಿಳಿ ಬೂದುಗಳದು ಹೆಚ್ಚುಕಡಿಮೆ 55ರಿಂದ 70, ಇದ್ದಿಲ ಬಣ್ಣದ್ದು 10ರ ಆಸುಪಾಸು. ಒಂದೇ ಕಿಟಕಿಯ ಕೋಣೆಗೆ 65ಕ್ಕಿಂತ ಕೆಳಗೆ ಇಳಿಯದಿರುವುದು ಕ್ಷೇಮ. ಇನ್ನೊಂದು ಮಾತು: ಅಂಗೈಯಗಲದ ಚೌಕದಲ್ಲಿ ಕಂಡ ಬಣ್ಣ ನಾಲ್ಕು ಗೋಡೆಗೂ ಏರಿದಾಗ ಗೋಡೆಗಳು ಒಂದಕ್ಕೊಂದು ಬೆಳಕು ಎಸೆದಾಡಿ ಒಳಛಾಯೆ ದಟ್ಟವಾಗುತ್ತದೆ. ಎರಡು ಶೇಡ್‌ಗಳ ನಡುವೆ ಮನಸ್ಸು ಹೊಯ್ದಾಡಿದರೆ ತಿಳಿಯಾದದ್ದಕ್ಕೇ ಕೈ ಹಾಕಿ.

ಜೋಡಿಯ ವಿಷಯದಲ್ಲಿ ಮೊದಲ ತಪ್ಪು ನಡೆಯುವುದು ಬಿಳಿಯಲ್ಲಿ. ಬೆಚ್ಚನೆ ಬೂದಿನ ಮೇಲೆ ಅಚ್ಚ ಬಿಳಿ ಸೀಲಿಂಗ್ ಬಂದರೆ ಆ ಬಿಳಿಯ ಮುಂದೆ ಗೋಡೆ ಕೊಳೆಯಾದಂತೆ ತೋರುತ್ತದೆ. ಅಲ್ಲಿಗೆ ಹಾಲುಕೆನೆಯ ಎಳೆಯಿರುವ ಆಫ್ ವೈಟ್ ಸರಿ. ಅಚ್ಚ ಬಿಳಿ ಒಪ್ಪುವುದು ತಣ್ಣನೆ ಬೂದಿಗೆ. ಒಂದೇ ಮನೆಯಲ್ಲಿ ಎರಡು ಬೂದು ಬಳಸುವುದಾದರೆ ಎರಡೂ ಒಂದೇ ಸಾಲಿನವಾಗಿರಲಿ. ಹಾಲಿನ ಬೂದು ಹಸಿರಿಗೆ, ಊಟದ ಮನೆಯದು ನೇರಳೆಗೆ ವಾಲಿದರೆ ನಡುವಿನ ಬಾಗಿಲಲ್ಲಿ ನಿಂತಾಗ ಕಣ್ಣಿಗೆ ಕಿರಿಕಿರಿ ತಪ್ಪದು.

ಮರದ ವಿಷಯದಲ್ಲಿ ನಾವು ಪುಣ್ಯವಂತರು. ಪಾಲಿಶ್ ಮಾಡಿದ ತೇಗದ ಬಾಗಿಲಿನ ಮೈಯಲ್ಲಿ ಕಿತ್ತಳೆ ಇದೆ, ಯಾವ ಬೂದೂ ಅದರ ಪಕ್ಕದಲ್ಲಿ ತುಸು ನೀಲಿಯಾಗಿ ಕಂಡು ಮರ ಇನ್ನಷ್ಟು ಹೊಳೆಯುತ್ತದೆ. ಬೀಟೆ ಮರದ ಹಳೆಯ ಬೀರು, ಮೈಸೂರಿನ ಕುಸುರಿಯವರು ಬೀಟೆಯಲ್ಲಿ ಬಣ್ಣಬಣ್ಣದ ಮರದ ಚೂರು ಕೂರಿಸಿ ಮಾಡಿದ ಚಿತ್ರ, ಇವು ಕೆನೆಬಣ್ಣದ ಗೋಡೆಗಿಂತ ತಿಳಿ ಬೂದಿನ ಮೇಲೆ ಹೆಚ್ಚು ಬಿಡಿಸಿ ಕಾಣುತ್ತವೆ. ಚಿನ್ನದ ರೇಕಿನ ಮೈಸೂರು ಶೈಲಿಯ ಚಿತ್ರಪಟಕ್ಕೂ ಇದೇ ಮಾತು. ಹಳದಿ ಗೋಡೆಯ ಮೇಲೆ ಚಿನ್ನ ಕರಗಿಹೋಗುತ್ತದೆ, ಬೂದಿನ ಮೇಲೆ ಅದೊಂದೇ ಮಾತಾಡುತ್ತದೆ. ದೇವರ ಮನೆಗೆ ಬೂದು ಸಲ್ಲದು ಎನ್ನುವವರ ಮನಸ್ಸನ್ನು ನೋಯಿಸಬೇಕಿಲ್ಲ, ಆ ಪುಟ್ಟ ಕೋಣೆಗೆ ಬಿಳಿಯೋ ನಸುಹಳದಿಯೋ ಇರಲಿ. ಆದರೆ ಅದರ ಹೊರಗಿನ ಗೋಡೆ ಬೂದಾಗಿದ್ದರೆ ಹೊಸ್ತಿಲ ಅರಿಶಿನ ಕುಂಕುಮ, ಮಾವಿನ ತೋರಣ, ಹಿತ್ತಾಳೆ ದೀಪಕ್ಕೆ ಇನ್ನಾವ ಅಲಂಕಾರವೂ ಬೇಡ. ಪರದೆ, ದಿಂಬುಗಳಿಗೆ ಇಟ್ಟಿಗೆ ಕೆಂಪು, ಸಾಸಿವೆ ಹಳದಿ, ಬಾಳೆಎಲೆ ಹಸಿರು ಇವುಗಳಲ್ಲಿ ಒಂದನ್ನು ಆರಿಸಿ ಅದಕ್ಕೇ ನಿಲ್ಲಿ. ಮೂರನ್ನೂ ತಂದರೆ ಬೂದಿನ ಶಾಂತಿ ಸಂತೆಯಾಗುತ್ತದೆ.

ಅಡುಗೆಮನೆಯಲ್ಲಿ ಬಣ್ಣಕ್ಕಿಂತ ಹೊಳಪು ಮುಖ್ಯ. ಒಗ್ಗರಣೆ ಸಿಡಿದ ಎಣ್ಣೆ, ಅರಿಶಿನದ ಬೆರಳು ಎರಡೂ ತಿಳಿ ಬೂದಿನ ಮೇಲೆ ಅಡಗುವುದಿಲ್ಲ. ಮ್ಯಾಟ್ ಬಣ್ಣವನ್ನು ಉಜ್ಜಿದರೆ ಉಜ್ಜಿದ ಜಾಗ ಬೇರೆಯಾಗಿ ಹೊಳೆದು ಹೊಸ ಕಲೆಯಾಗುತ್ತದೆ. ತೊಳೆಯಬಹುದಾದ ಸಾಟಿನ್ ಅಥವಾ ಸಾಫ್ಟ್ ಶೀನ್ ಹಾಕಿಸಿ. ಹಾಲು, ಮಲಗುವ ಕೋಣೆಗೆ ಮ್ಯಾಟ್ ಸಾಕು. ಪುಟ್ಟಿಯ ಉಬ್ಬುತಗ್ಗನ್ನು ಅದು ಮುಚ್ಚುತ್ತದೆ, ಹೊಳಪಿನದು ಎತ್ತಿ ತೋರಿಸುತ್ತದೆ.

ಪರೀಕ್ಷೆ ಮಾಡದೆ ಬಣ್ಣ ತರಬೇಡಿ. ಗೋಡೆಯ ನಡುವೆ ತೇಪೆ ಹೊಡೆದು ನೋಡುವುದು ನಮ್ಮ ರೂಢಿ. ಸುತ್ತಲಿನ ಬಿಳಿ ಪುಟ್ಟಿ ಅಥವಾ ಹಳೆಯ ಬಣ್ಣ ಆ ತೇಪೆಯನ್ನು ತನ್ನ ವಿರುದ್ಧ ದಿಕ್ಕಿಗೆ ತಳ್ಳುವುದರಿಂದ ಅದು ಸುಳ್ಳು ಹೇಳುತ್ತದೆ. ಎರಡಡಿ ಚದರದ ಡ್ರಾಯಿಂಗ್ ಶೀಟ್ ಅಥವಾ ರಟ್ಟಿಗೆ ಸ್ಯಾಂಪಲ್ ಬಣ್ಣದ ಎರಡು ಕೋಟ್ ಬಳಿದು ಒಣಗಿಸಿ. ಹಸಿಯಾಗಿದ್ದಾಗ ಕಂಡದ್ದನ್ನು ನಂಬಬೇಡಿ. ಆ ಹಲಗೆಯ ಕೆಳಅಂಚು ನೆಲಕ್ಕೆ ತಾಗುವಂತೆ ಗೋಡೆಗೆ ಒರಗಿಸಿ, ಬೆಳಗ್ಗೆ, ಮಟಮಟ ಮಧ್ಯಾಹ್ನ, ದೀಪ ಹಚ್ಚಿದ ಮೇಲೆ ನೋಡಿ. ಆಮೇಲೆ ಬಾಗಿಲ ಚೌಕಟ್ಟಿನ ಪಕ್ಕ, ಸೋಫಾದ ಹಿಂದೆ ಹೀಗೆ ಜಾಗ ಬದಲಿಸಿ. ಬಣ್ಣ ನಿಶ್ಚಯವಾದ ಮೇಲೆ ಒಂದು ಕೋಣೆಗೆ ಬೇಕಾದಷ್ಟನ್ನೂ ಒಂದೇ ಸಲ ತರಿಸಿ, ಡಬ್ಬಗಳನ್ನು ದೊಡ್ಡ ಬಕೆಟ್ಟಿಗೆ ಸುರಿದು ಬೆರೆಸಿಕೊಳ್ಳಲು ಪೇಂಟರ್‌ಗೆ ಹೇಳಿ. ಯಂತ್ರ ಒಂದೇ ಆದರೂ ಡಬ್ಬದಿಂದ ಡಬ್ಬಕ್ಕೆ ಕೂದಲೆಳೆಯ ವ್ಯತ್ಯಾಸ ಬರಬಹುದು, ಬೂದಿನಲ್ಲಿ ಅದು ಬೇಗ ಕಾಣುತ್ತದೆ. ಶೇಡ್ ಸಂಖ್ಯೆಯನ್ನು ಮೀಟರ್ ಪೆಟ್ಟಿಗೆಯ ಬಾಗಿಲ ಒಳಗೆ ಬರೆದಿಡಿ.

ಇಷ್ಟೆಲ್ಲ ಹೇಳಿದ್ದು ಹೆದರಿಸಲು ಅಲ್ಲ. ಅಳಿಸಲಾಗದ ಬಣ್ಣ ಎಂಬುದು ಈ ಊರಿನಲ್ಲಿ ಬೇರೆಯೇ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ್ 1937ರಲ್ಲಿ ಶುರುಮಾಡಿದ ಅರಗು ಮತ್ತು ಬಣ್ಣದ ಕಾರ್ಖಾನೆ, ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್, 1962ರ ಮಹಾಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಹಚ್ಚುವ ಶಾಯಿ ಮಾಡುತ್ತಿದೆ. ಗೋಡೆಯ ಎಮಲ್ಷನ್‌ಗೆ ಅಂಥ ಹಟವಿಲ್ಲ. ಬೇಸರವಾದರೆ ಒಂದು ಗೋಡೆಯನ್ನಷ್ಟೇ ಬದಲಿಸಿದರೂ ಕೋಣೆ ಹೊಸದಾಗುತ್ತದೆ.

ಕೊನೆಯದು ಕಾಲದ ಮಾತು. ದಸರೆ, ದೀಪಾವಳಿಗೆ ಮುಂಚೆ ಸುಣ್ಣ ಬಳಿಸುವ ಪದ್ಧತಿ ಸುಣ್ಣಕ್ಕೆ ಸರಿಯಾಗಿತ್ತು. ಸುಣ್ಣ ಗಾಳಿಯೊಡನೆ ಸೇರಿ ನಿಧಾನವಾಗಿ ಗಟ್ಟಿಯಾಗಲು ತುಸು ತೇವವೇ ಬೇಕು. ಎಮಲ್ಷನ್‌ಗೆ ಬೇಕಾದದ್ದು ಒಣಗಿದ ಗೋಡೆ. ಮೈಸೂರಿನಲ್ಲಿ ಮಳೆ ಜೋರಾಗುವುದು ಮೇ ತಿಂಗಳಲ್ಲಿ, ಆಮೇಲೆ ಮತ್ತೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಅಂದರೆ ನಾವೆಲ್ಲ ಪೇಂಟರ್‌ಗೆ ಫೋನ್ ಮಾಡುವ ಹೊತ್ತಿಗೇ. ಒಳಗೆ ತೇವ ಉಳಿದ ಗೋಡೆಗೆ ಬೂದು ಬಳಿದರೆ ತೇವವಿದ್ದ ಜಾಗ ಇನ್ನೊಂದು ಗಾಢ ಬೂದಾಗಿ ಮೂಡಿ, ಬಣ್ಣ ಯಾವುದು, ಬೂಷ್ಟು ಯಾವುದು ತಿಳಿಯದಂತಾಗುತ್ತದೆ. ಹಾಗೆಂದು ಮಳೆಗಾಲ ವ್ಯರ್ಥವೂ ಅಲ್ಲ. ಮೋಡ ಮುಸುಕಿದ ದಿನದ ಬೆಳಕು ಬೂದಿಗೆ ಅತಿ ಕಠಿಣ ಪರೀಕ್ಷೆ. ಆ ಬೆಳಕಿನಲ್ಲೂ ಸಪ್ಪೆಯಾಗದ ಬೂದು ವರ್ಷವಿಡೀ ಚೆನ್ನಾಗಿರುತ್ತದೆ. ಆದ್ದರಿಂದ ಹಲಗೆ ಒರಗಿಸಿ ಬಣ್ಣ ಆರಿಸುವುದು ಮಳೆಗಾಲದಲ್ಲಿ ನಡೆಯಲಿ, ಪೇಂಟರ್‌ಗೆ ಮುಂಗಡ ಕೊಡುವುದು ಸಂಕ್ರಾಂತಿ ಕಳೆದ ಮೇಲೆ.